ಮಶೇರಿ ಬಿಟ್ಟ ಮ್ಯಾಲ

ಮೊದಲ ಸಲ ಎದಿ ತಪ್ಪಿದ್ದು ಮುಂಜಾನಿ ರೊಟ್ಟಿ ಬಡಿಯುವಾಗ. ಬರಬೇಕಾದ ಒಂದು ಬಡಿತ ಬರಲಿಲ್ಲ. ಆಮ್ಯಾಲ ಒಂದು ಬಂದು ಒಳಗಿನಿಂದ ಜೋರಾಗಿ ಗುದ್ದಿತು. ನನ್ನ ಕೈ ಹಂಗೇ ನಿಂತಿತು, ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು. ಗ್ಯಾಸ್ ಆಗಿರಬೇಕು ಅಂತ ಓಂಕಾಳು ತಿಂದೆ. ಮರುದಿನ ಮತ್ತ ತಪ್ಪಿತು. ಅದರ ಮರುದಿನ ಎರಡು ಸಲ.

ನಾನು ಶಹಾಬಾದದಾಗ ಇರಾಕಿ. ಹುಟ್ಟಿದ್ದು ಸೇಡಂ ಕಡಿ ಆಡಕಿ ಊರಾಗ. ಗಂಡ ನೆಲಕ್ಕ ಹಾಸೋ ಫರ್ಸಿ ಖಣಿಯೊಳಗ ಕಲ್ಲು ಎಬ್ಬಿಸತಿದ್ದ, ಸತ್ತು ಭಾಳ ವರ್ಷ ಆತು. ಮಕ್ಕಳು ಆಗಲಿಲ್ಲ. ಸ್ಟೇಷನ್ ಹತ್ತಿರದ ಖಾನಾವಳಿಗೆ ರೊಟ್ಟಿ ಮಾಡಿ ಕೊಟ್ಟು ಹೊಟ್ಟಿ ಹೊರಕೋತೀನಿ. ಒಬ್ಬಾಕಿ ಇದ್ದರ ಕೆಮ್ಮು, ನೆಗಡಿಗೆಲ್ಲ ಅಂಜಿಕಿ ಇಲ್ಲ. ಎದಿಗೆ ಮಾತ್ರ ಅಂಜಿಕಿ ಬಂತು. ನಿಂತು ಹೋದರ ಖಾನಾವಳಿಯವರು ರೊಟ್ಟಿ ಬರಲಿಲ್ಲ ಅಂತ ಹುಡುಕಿಕೊಂಡು ಬರೋತನಕ ಯಾರಿಗೂ ಗೊತ್ತಾಗಂಗಿಲ್ಲ.

ಪ್ಯಾಸೆಂಜರ್ ಗಾಡಿ ಹತ್ತಿ ಕಲಬುರಗಿಗೆ ಹೋದೆ. ಡಾಕ್ಟರು ಎದಿ ಬಡಿತದ ಪಟ್ಟಿ, ಇಸಿಜಿ ಅಂತಾರಲ್ಲ ಅದನ್ನ, ತಗಸಿದರು. ಸಾರಾಯಿ ಕೇಳಿದರು, ಇಲ್ಲ ಅಂದೆ. ತಂಬಾಕು ಕೇಳಿದರು. ಜೀವಮಾನದಾಗ ಬಾಯಾಗ ಇಟ್ಟಿಲ್ಲ ಅಂತ ಖಡಕ್ಕಾಗಿ ಹೇಳಿದೆ. ಸುಳ್ಳು ಹೇಳಲಿಲ್ಲ ನಾನು. ತಂಬಾಕು ಅಂದರ ಗಂಡಸರು ಸುಣ್ಣ ಹಚ್ಚಿ ದವಡಿಯೊಳಗ ಒತ್ತಿಕೊಳ್ಳೋದು ಅಂತ ನನ್ನ ತಿಳುವಳಿಕಿ. ಎದಿಗೆ ವೈರ್ ಅಂಟಿಸಿ, ಸೊಂಟಕ್ಕ ಒಂದು ಸಣ್ಣ ಮಷೀನು ಕಟ್ಟಿ, ಒಂದು ಹಾಳಿ ಕೊಟ್ಟರು. ನಾಳೆ ಇಷ್ಟೊತ್ತಿನ ತನಕ ಎದಿ ತಪ್ಪಿದಾಗೊಮ್ಮೆ ಗಂಟಿ ಎಷ್ಟು, ಏನು ಮಾಡತಿದ್ದಿರಿ ಅಂತ ಬರೀರಿ ಅಂದರು. ರಾತ್ರಿ ಸಾಲಿಯೊಳಗ ಕಲಿತ ಅಕ್ಷರ ಅವತ್ತು ಉಪಯೋಗಕ್ಕ ಬಂತು.

ಮರುದಿನ ಹಾಳಿ ನೋಡಿ ಡಾಕ್ಟರು ಹುಬ್ಬು ಏರಿಸಿದರು. ಒಂದು ಕಡಿ "ಚಾ" ಅಂತ ಇತ್ತು. ಉಳಿದ ನಾಕು ಕಡಿ "ಹಲ್ಲು".

"ಹಲ್ಲಿಗೇನಾತಮ್ಮ?"

"ಏನೂ ಆಗಿಲ್ಲರಿ. ಹಲ್ಲು ತಿಕ್ಕತಿದ್ದೆ."

"ನಾಕು ಸಲ ಎದಿ ತಪ್ಪೋವಷ್ಟು ಹೊತ್ತು ತಿಕ್ಕತೀರಾ? ಏನು ಹಚ್ಚಿ?"

ಮಶೇರಿ ಅಂದೆ. ತಂಬಾಕಿನ ಎಲಿ ಹಂಚಿನ ಮ್ಯಾಲ ಕರ್ರಗ ಹುರಿದು ಪುಡಿ ಮಾಡೋದು, ತೋರು ಬಟ್ಟಿಲೆ ಒಸಡಿಗೆ ಹಚ್ಚಿಕೊಂಡು ಕುಂದ್ರೋದು. ಹೇಳತಾ ಹೇಳತಾ ನನಗೇ ತಿಳೀತು. ಡಾಕ್ಟರು ನಗಲಿಲ್ಲ. ನಿಮ್ಮ ಹೃದಯ ಛಲೋ ಅದ, ನಡುವ ಒಂದು ಬಡಿತ ಹೊತ್ತಿಗಿಂತ ಮುಂಚೆ ಬರತದ, ಅದರ ಬೆನ್ನಿಗೆ ಬರೋದು ತಡ ಮಾಡತದ, ಅದಕ್ಕ ತಪ್ಪಿದಂಗ ಅನಸತದ, ಇದರಿಂದ ಜೀವಕ್ಕೇನೂ ಆಗಂಗಿಲ್ಲ ಅಂದರು. ಮಶೇರಿ ಬಿಡ್ರಿ, ಕಡಕ್ ಚಾ ಕಡಿಮಿ ಮಾಡ್ರಿ, ನಿದ್ದಿ ಕೆಡಬ್ಯಾಡ್ರಿ, ಕಣ್ಣಿಗೆ ಕತ್ತಲಿ ಬಂದರ ಇಲ್ಲಾ ಎದಿ ನೋವಾದರ ತಡಾ ಮಾಡದೆ ಬರ್ರಿ. ಗುಳಿಗಿ ಏನೂ ಬರೀಲಿಲ್ಲ.

ಚಾ ಕಡಿಮಿ ಮಾಡೋದು ಕಷ್ಟ ಆಗಲಿಲ್ಲ. ಮಶೇರಿ ಬಿಡೋದು ಬ್ಯಾರೆ ಮಾತು.

ನಮ್ಮ ಓಣ್ಯಾಗ ಒಂದು ಫರ್ಸಿ ಕಟ್ಟಿ ಅದ. ಮುಂಜಾನಿ ನಾಕೈದು ಮಂದಿ ಹೆಂಗಸರು ಅಲ್ಲಿ ಕುಂತು ಮಶೇರಿ ಹಚ್ಚತೀವಿ. ಬಟ್ಟು ಬಾಯಾಗೇ ಇರತದ, ಮಾತೂ ನಡೀತದ. ಯಾರ ಸೊಸಿ ಮುನಿಸಿಕೊಂಡಾಳ, ಯಾರ ಮನಿ ಕರಂಟ್ ಕಟ್ ಮಾಡ್ಯಾರ, ಎಲ್ಲಾ ಅಲ್ಲೇ ತಿಳೀತದ. ದಿನದಾಗ ನಾನು ಮನುಷ್ಯಾರ ಜೋಡಿ ಕುಂತು ಮಾತಾಡೋದು ಅಷ್ಟೇ ಹೊತ್ತು. ಹುರಿದು ತರಾಕಿ ಮೂಲಿಮನಿ ಅಕ್ಕ. ಡಬ್ಬಿ ತೆಗೆದು ಎಲ್ಲಾರ ಅಂಗೈಗೆ ಚಿಟಿಕಿ ಚಿಟಿಕಿ ಹಾಕತಾಳ.

ಆಕಿ ಬೌದ್ಧರಾಕಿ. ನಾನು ಲಿಂಗ ಕಟ್ಟಿದಾಕಿ. ನಾನು ಮದುವಿಯಾಗಿ ಈ ಓಣಿಗೆ ಬಂದಾಗ ಆಕಿ ಕೈಯಿಂದ ಒಂದು ಕಡ್ಡಿ ಸೈತ ಮುಟ್ಟಬಾರದು ಅಂತ ಅತ್ತಿ ತಾಕೀತು ಮಾಡಿದ್ದಳು. ಅತ್ತಿ ಸತ್ತ ವರ್ಷ ನಾನೇ ಹೋಗಿ ಕಟ್ಟಿ ಮ್ಯಾಲ ಕುಂತು ಅಂಗೈ ಚಾಚಿದೆ. ಅಕ್ಕ ಒಂದು ಗಳಿಗಿ ನನ್ನ ಮುಖ ನೋಡಿ ಪುಡಿ ಹಾಕಿದಳು. ಅವತ್ತಿನಿಂದ ಮೂವತ್ತು ವರ್ಷ ಒಂದು ಮುಂಜಾನಿನೂ ಬಿಟ್ಟಿರಲಿಲ್ಲ.

ಕಲಬುರಗಿಯಿಂದ ಬಂದ ಮರುದಿನ ಆಕಿ ಡಬ್ಬಿ ಚಾಚಿದಳು. ನಾನು ಕೈ ಹಿಂದ ಸರಿಸಿದೆ. ಎದಿದು, ಡಾಕ್ಟರದು, ಹಾಳಿದು ಎಲ್ಲಾ ಹೇಳಿದೆ. ಉಳಿದವರು ನಕ್ಕರು. ನಮ್ಮವ್ವ ಸಾಯೋತನಕ ಹಚ್ಚಿದಳು, ಆಕಿ ಎದಿ ಎಲ್ಲಿ ತಪ್ಪಿತು ಅಂತ ಒಬ್ಬಾಕಿ. ಸುಮ್ಮನ ಕುಂತು ನಮ್ಮ ಹಲ್ಲು ಎಣಿಸಲಿಕ್ಕ ಬಂದೀಯೇನು ಅಂತ ಇನ್ನೊಬ್ಬಾಕಿ. ಅಕ್ಕ ನಗಲಿಲ್ಲ. ಡಬ್ಬಿ ಮುಚ್ಚಿದಳು.

"ಬ್ಯಾಡಾದರ ಬ್ಯಾಡ ಅನ್ನು ತಂಗಿ. ಡಾಕ್ಟರನ ಯಾಕ ನಡುವ ತರತಿ?"

ಅಂದು ಎದ್ದು ಹೋದಳು. ವಯಸ್ಸಾದ ಮ್ಯಾಲ ನನಗ ಜಾತಿ ನೆನಪಾಗ್ಯದ ಅಂತ ಆಕಿ ತಿಳಕೊಂಡಳು. ಹಂಗಂತ ಓಣ್ಯಾಗ ಬ್ಯಾರೆಯವರಿಗೆ ಹೇಳಿದ್ದೂ ನನ್ನ ಕಿವಿಗೆ ಬಂತು.

ನಾನು ಕಟ್ಟಿಗೆ ಹೋಗೋದು ಬಿಟ್ಟೆ. ಮನಿ ಒಳಗ ಉಪ್ಪು ಹಚ್ಚಿ ಹಲ್ಲು ತಿಕ್ಕಿದೆ. ತಲಿ ನೋವು ಬಂತು, ಕೈ ನಡುಗಿದವು, ಸಣ್ಣ ಮಾತಿಗೂ ಸಿಟ್ಟು. ಹದಿನೈದು ದಿನಕ್ಕ ಅದೆಲ್ಲ ಇಳೀತು, ಎದಿನೂ ಹೆಚ್ಚು ಕಡಿಮಿ ಸುಮ್ಮನಾತು. ಆದರ ನಳದ ಹತ್ತಿರ ಅಕ್ಕ ಎದುರಿಗೆ ಬಂದರ ಕೊಡಾ ಇನ್ನೊಂದು ಬಗಲಿಗೆ ತಗೊಂಡು ಮುಖ ತಿರುವಿಕೊಂಡು ಹೋಗತಿದ್ದಳು. ಅಂಥ ದಿನ ನಿದ್ದಿ ಬರತಿರಲಿಲ್ಲ. ನಿದ್ದಿ ಇಲ್ಲಂದರ ಮತ್ತ ತಪ್ಪತಿತ್ತು. ಮಶೇರಿ ಬಿಟ್ಟು ಉಳಿಸಿದ್ದನ್ನ ಆಕಿ ಸಿಟ್ಟು ತಗೊಂಡು ಹೋಗಲಿಕತ್ತಿತ್ತು.

ಹಿಂಗೇ ಎರಡು ತಿಂಗಳು. ಒಂದು ಮುಂಜಾನಿ, ಕಣ್ಣು ಮುಚ್ಚಿರಲಿಲ್ಲ, ಎದಿ ಹತ್ತಿಪ್ಪತ್ತು ಬಡಿತಕ್ಕೊಂದು ಬಿಡಲಿಕತ್ತಿತ್ತು. ಹಿಟ್ಟು ನಾದೋದು ಬಿಟ್ಟು ಎದ್ದು ಅಕ್ಕನ ಮನಿಗೆ ಹೋದೆ. ಆಕಿ ತೊಗರಿಬ್ಯಾಳಿ ಹಸನ ಮಾಡತಿದ್ದಳು. ಬಾ ಅನ್ನಲಿಲ್ಲ. ನಾನು ಎದುರಿಗೆ ಕುಂತು ಆಕಿ ಕೈ ಎಳೆದು ನನ್ನ ಕುತ್ತಿಗಿಗೆ ಒತ್ತಿದೆ.

"ಬಿಡು. ಏನು ಮಾಡಲಿಕತ್ತಿ?"

"ಸುಮ್ಮನ ಹಿಡಿ."

ಕೈ ಬಿಡಿಸಿಕೊಳ್ಳಲಿಕ್ಕ ನೋಡಿದಳು, ನಾನು ಬಿಡಲಿಲ್ಲ. ಸುರುವಿಗೆ ಸರಿಯಾಗೇ ಬಡೀತು. ಈ ಹಾಳಾದ್ದು ಬೇಕಾದಾಗ ತಪ್ಪಂಗಿಲ್ಲ ಅಂತ ಸಿಟ್ಟು ಬಂತು. ಆಮ್ಯಾಲ ಒಂದು ತಪ್ಪಿತು. ಅಕ್ಕನ ಬಟ್ಟು ನಿಂತವು. ತಡ ಮಾಡಿ ಒಂದು ಬಂದು ಗುದ್ದಿತು. ಆಕಿ ಇನ್ನೊಂದು ಕೈಯಿಂದ ಬ್ಯಾಳಿ ಮೊರಾ ಬಗಲಿಗೆ ಸರಿಸಿದಳು. ಇನ್ನೊಂದು ತಪ್ಪೋತನಕ ಕೈ ತಗೀಲಿಲ್ಲ.

"ಮೊದಲೇ ಹಿಂಗ ಹಿಡಿಸಬೇಕಿಲ್ಲೇನು ಹುಚ್ಚಿ."

"ಬಾಯಿಲೆ ಹೇಳಿದ್ದೆ."

"ಬಾಯಿಲೆ ಎಲ್ಲಾರೂ ಹೇಳತಾರ," ಅಂದಳು.

ಆಕಿ ಮನಿ ಕೊಡದಾಗಿನ ನೀರು ಕುಡಿದು ಎದ್ದು ಬಂದೆ.

ಸಿಟ್ಟು ಹೋತು. ಆದರ ಈಗ ಆಕಿಗೇ ಅಂಜಿಕಿ ಬಂದದ. ನನ್ನನ್ನ ಕಟ್ಟಿ ಹತ್ತಿರ ಬರಗೊಡಂಗಿಲ್ಲ. ಘಾಟು ಮೂಗಿಗೆ ಹೋದರ ನಿನ್ನ ಎದಿ ಮತ್ತ ಕೆಡತದ, ಒಳಗ ನಡಿ ಅಂತಾಳ. ಹಂಗೇನಿಲ್ಲ ಅಂದರ ಕೇಳಂಗಿಲ್ಲ. ತಾನು ಮಾತ್ರ ಬಿಟ್ಟಿಲ್ಲ, ಬಿಡಾಕಿನೂ ಅಲ್ಲ. ಮುಂಜಾನಿ ಅವರು ನಗೋದು ನನ್ನ ಮನಿತನಕ ಕೇಳತದ, ಯಾಕ ನಗತಾರ ಅನ್ನೋದು ಕೇಳಂಗಿಲ್ಲ.

ಬಾಯಿ ಮುಕ್ಕಳಿಸಿಕೊಂಡು ಅಕ್ಕ ನನ್ನ ಬಾಗಲಿಗೆ ಬರೋ ಹೊತ್ತಿಗೆ ನಾನು ಖಾನಾವಳಿ ರೊಟ್ಟಿ ಕಟ್ಟತಿರತೀನಿ. ಒಳಗ ಬರಂಗಿಲ್ಲ. ಚೌಕಟ್ಟು ಹಿಡಿದು ನಿಂತು, ಇವತ್ತ ಎಷ್ಟು ಸಲ ಅಂತ ಕೇಳತಾಳ. ಎಷ್ಟಾಗ್ಯದೋ ಅಷ್ಟು ಹೇಳತೀನಿ. ಹೇಳಿದರ ಚಾ ಕುಡದೇನು, ನಿದ್ದಿ ಮಾಡಿದೇನು ಅಂತ ವಿಚಾರಿಸತಾಳ. ಒಂದೂ ಇಲ್ಲ ಅಂದರ ಛಲೋ ಆತು ಅಂತ ಹೋಗಿಬಿಡತಾಳ.

ಈಚೀಚೆ ಒಂದೂ ತಪ್ಪದ ದಿನ ಭಾಳ. ಅಂಥ ದಿನ ನಾನು ಒಂದು ಅಂತ ಹೇಳತೀನಿ.