ಮೈಲುತುತ್ತದ ಹದ

ಆ ಜೂನ್ ತಿಂಗಳೆಂದರೆ ನನಗೆ ಗಾಜಿನ ಬಳೆಗಳ ಸದ್ದು. ಜೋರಾಪುರ ಪೇಟೆಯ ನಮ್ಮ ಪಡಸಾಲೆಯಲ್ಲಿ ಪಕ್ಕದ ಮನೆಯ ಮಗಳು ಎರಡು ತೋರುಬೆರಳುಗಳನ್ನು ಅಡ್ಡಡ್ಡ ದಾಟಿಸಿ ರಸಾಯನಶಾಸ್ತ್ರದ ವೇಲೆನ್ಸಿ ಅಂಕಿಗಳನ್ನು ಅದಲುಬದಲು ಮಾಡುವಾಗ ಬಳೆಗಳು ಕಿಣಿಕಿಣಿ ಅನ್ನುತ್ತಿದ್ದವು. ಕ್ರಿಸ್-ಕ್ರಾಸ್ ಮೆಥಡ್. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ನನಗೂ ಹಾಗೆಯೇ ಕಲಿಸಿದ್ದರು.

ಅವಳನ್ನು ಕಳ್ಳಕವಟಗಿಯ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದರು. ಎಸ್ಸೆಸ್ಸೆಲ್ಸಿಯ ಸೈನ್ಸ್ ಒಂದೇ ಎಷ್ಟೋ ವರ್ಷದಿಂದ ಉಳಿದಿತ್ತು. ಪೂರಕ ಪರೀಕ್ಷೆಗೆಂದು ತವರಿಗೆ ಬಂದವಳು ದಿನಾ ನನ್ನ ಹತ್ತಿರ ಪಾಠಕ್ಕೆ ಕೂರುತ್ತಿದ್ದಳು. ಪಾಸಾದರೆ ಕಾಲೇಜು, ಇಲ್ಲವಾದರೆ ಓದು ಬಂದ್ ಎಂದು ಅತ್ತೆ ಹೇಳಿ ಕಳಿಸಿದ್ದರು.

ಆದರೆ ಯಾವ ಸೂತ್ರ ಕೇಳಿದರೂ ಒಂದಕ್ಕೆ ಒಂದರಂತೆಯೇ ಬರೆಯುತ್ತಿದ್ದಳು. ಕ್ಯಾಲ್ಸಿಯಂ ಕ್ಲೋರೈಡ್ CaCl. ಅಲ್ಯೂಮಿನಿಯಂ ಆಕ್ಸೈಡ್ AlO. ಬೆರಳು ದಾಟುತ್ತಿದ್ದವು, ಪೆನ್ನು ದಾಟುತ್ತಿರಲಿಲ್ಲ.

"ಬೆರಳಿನಾಗ ಎರಡು-ಮೂರು ಬಂದಿತ್ತಲ್ಲ, ಯಾಕ ಬರೀಲಿಲ್ಲ?"

"ಹೆಚ್ಚುಕಮ್ಮಿ ಆಗತೈತಲ್ರಿ ಅಕ್ಕಾರ. ಮೈಲುತುತ್ತ, ಸುಣ್ಣ ಸಮಸಮ ಹಾಕಬೇಕ್ರಿ. ಇಲ್ಲಂದ್ರ ಎಲಿ ಸುಡತಾವ."

ದ್ರಾಕ್ಷಿ ಬಳ್ಳಿಗೆ ಹೊಡೆಯುವ ಆ ನೀಲಿ ಔಷಧ ಕಲಸಿ ಕಲಸಿ ಅವಳ ಕೈಗೆ ಅದೇ ಹದ ಕೂತುಬಿಟ್ಟಿತ್ತು. ಓ ಗಾಡ್, ಅಂದುಕೊಂಡೆ.

"ಅದು ತೂಕದ ಮಾತು. ಇದು ಕೈ ಹಿಡಿಯೋ ಮಾತು. ಅಲ್ಯೂಮಿನಿಯಂಗ ಮೂರು ಕೈ, ಆಕ್ಸಿಜನ್‌ಗ ಎರಡು. ಒಂದು ಕೈನೂ ಖಾಲಿ ಉಳೀಬಾರದು."

"ನಮ್ಮತ್ತಿಯವರ ಕಾಯ್ದೆ ಇದ್ದಂಗ ಐತ್ರಿ" ಎಂದು ನಕ್ಕಳು. ಅವತ್ತು Al₂O₃ ಬರೆದಳು. ಮರುದಿನ ಮತ್ತೆ AlO.

ಪರೀಕ್ಷೆಯ ಹಿಂದಿನ ಸಂಜೆ ಅವಳ ಗಂಡ ಬಂದು ಬೈಕು ನಿಲ್ಲಿಸಿದ.

"ಮೋಡ ಹಾಕೇತಿ. ರೋಗ ಬೀಳೂಕಿಂತ ಮೊದಲ ಔಷಧ ಹೊಡೀಬೇಕು. ಆಳು ಸಿಗವಲ್ಲರು. ನಡಿ."

"ನಾಳೆ ಪೇಪರ್ ಬರದು ಬರ್ತೀನ್ರಿ."

"ಅವ್ವಗ ಏನ್ ಹೇಳ್ಲಿ?"

"ಪರೀಕ್ಷಾಕ್ಕ ಅತ್ತಿಯವರ ಒಪ್ಪಿ ಕಳಿಸ್ಯಾರಂತ ನೆನಪು ಮಾಡ್ರಿ."

ಅವನು ಬೈಕಿನ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ. ಆ ರಾತ್ರಿ ಮಾವನ ಮನೆಯಲ್ಲೇ ಉಳಿದ.

ಸಿದ್ಧೇಶ್ವರ ಗುಡಿಯ ಹತ್ತಿರದ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಾವಿಬ್ಬರೂ ಕಾದೆವು. ಅವನು ಮೋಡ ನೋಡುತ್ತಿದ್ದ, ನಾನು ಗೇಟು. ತೋಟದಿಂದ ಅವನಿಗೆ ಫೋನ್ ಮೇಲೆ ಫೋನ್. ಅವನು ಎತ್ತಲಿಲ್ಲ.

ಹೊರಬಂದವಳ ಮುಖ ನೋಡಿದರೆ ಏನೂ ತಿಳಿಯಲಿಲ್ಲ.

"ಅಲ್ಯೂಮಿನಿಯಂ ಬಂದಿತ್ತೇನವಾ?"

"ಬಂದಿತ್ರಿ. ಮೊದಲ ಸಮಸಮ ಬರದ್ನಿ. ಆಮ್ಯಾಲ ಹೊಡದು ಹಾಕಿ ಎರಡು-ಮೂರು ಬರದೇನ್ರಿ."

ಪಾಸಾದದ್ದು, ತಿಕೋಟಾದ ಕಾಲೇಜು ಸೇರಿದ್ದು, ಎಲ್ಲ ಆಮೇಲೆ ಅವಳ ತಾಯಿಯ ಬಾಯಲ್ಲಿ ಕೇಳಿದೆ. ಮುಂದೆ ತವರಿನವರೂ ಪೇಟೆ ಬಿಟ್ಟು ಬಬಲೇಶ್ವರಕ್ಕೆ ಹೋದರು. ನಾನು ಅವಳನ್ನು ಕಂಡದ್ದು ಆ ಗೇಟಿನಲ್ಲೇ ಕೊನೆ. ಬೈಕಿನ ಹಿಂದೆ ಕೂತು, ಹಾರುವ ಸೆರಗನ್ನು ಹಾಲ್ ಟಿಕೆಟ್ ಸಮೇತ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡು, ತಿಕೋಟಾ ರಸ್ತೆಗೆ ಹೊರಳಿದಳು.