ಶನಿವಾರದ ಓದು

ಅವರ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದರ ಜಾಗಕ್ಕೆ ಶೂ ಲೇಸು ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಆ ಕಪ್ಪು ಮಹಿಳೆಯದೊಂದು ಇಕ್ಕಟ್ಟಾದ ಪುಸ್ತಕದಂಗಡಿ. ಇದ್ದದ್ದೆಲ್ಲ ಕಪ್ಪು ಜನ ಬರೆದ ಪುಸ್ತಕಗಳೇ.

ಎಂಬತ್ತರ ದಶಕ. ಮದುವೆಯಾಗಿ ಬೆಂಗಳೂರಿನಿಂದ ಅಲ್ಲೇ ಹತ್ತಿರದ ವಾಲ್ನಟ್ ಕ್ರೀಕಿಗೆ ಬಂದಿದ್ದ ನನಗೆ, ಗಂಡ ಆಫೀಸಿಗೆ ಹೋದರೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. "ಓಕ್‌ಲ್ಯಾಂಡ್ ಕಡೆ ಒಬ್ರೇ ಹೋಗ್ಬೇಡ್ರೀ, ಅಲ್ಲೆಲ್ಲ ಕರಿಯರೇ," ಎಂದು ನಮ್ಮ ಕನ್ನಡ ಬಳಗ ಹೆದರಿಸಿತ್ತು. ನಾನು ರೈಲು ಹತ್ತಿ ಅಲ್ಲಿಗೇ ಹೋದೆ. ಹಟ!

ಮೊದಲ ದಿನವೇ ಎಡವಟ್ಟು. ನೆಲದ ಮೇಲಿದ್ದ ಪುಸ್ತಕಕ್ಕೆ ಕಾಲು ತಗುಲಿತು. ಥಟ್ಟನೆ ಬಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಅದೇನು ಮಾಡ್ದೆ, ಬೇಬಿ?" ಎಂದರು ಅಂಗಡಿಯಮ್ಮ. ಮದುವೆಯಾದ ಹೆಂಗಸು ನಾನು, ಬೇಬಿಯಂತೆ!

"ಪುಸ್ತಕ ಅಂದ್ರೆ ನಮಗೆ ಸರಸ್ವತಿ, ದೇವರು. ಕಾಲು ತಾಗಿದ್ರೆ ಕ್ಷಮೆ ಕೇಳ್ಬೇಕು."

ಅವರು ನಗಲಿಲ್ಲ. "ನಮ್ಮಜ್ಜಿಯ ಅಮ್ಮ ಗುಲಾಮಳಾಗಿದ್ದಳು. ಅಕ್ಷರ ಕಲಿತಳು ಅಂತ ಚಾಟೀಲಿ ಹೊಡೆದ್ರು." ಆಮೇಲೆ ಕೇಳಿದರು, "ನಿಮ್ಮಲ್ಲಿ ಆ ದೇವರನ್ನ ಎಲ್ಲರಿಗೂ ಮುಟ್ಟೋಕೆ ಬಿಡ್ತಿದ್ರಾ?"

"ಇಲ್ಲ," ಎಂದೆ.

"ಹಾಗಾದ್ರೆ ಕೂತ್ಕೋ. ಮಾತಾಡೋದಿದೆ," ಎಂದು ಕುರ್ಚಿ ಎಳೆದರು.

ಶನಿವಾರ ಮಧ್ಯಾಹ್ನ ಅಲ್ಲಿ ಓದು. ಹಿಂದೆಲ್ಲ ನಿಲ್ಲಲೂ ಜಾಗವಿರುತ್ತಿರಲಿಲ್ಲವಂತೆ. ಕಪ್ಪು ಜನರ ಹಕ್ಕಿಗಾಗಿ ಮೆರವಣಿಗೆಗೆ ಹೋಗುವವರು ಅಲ್ಲಿ ಓದಿಯೇ ಹೊರಡುತ್ತಿದ್ದರಂತೆ. ನನ್ನ ಕಾಲಕ್ಕೆ ಕೆಲವರು ಸತ್ತಿದ್ದರು, ಕೆಲವರು ಜೈಲಿನಲ್ಲಿದ್ದರು, ಉಳಿದವರು ಊರು ಬಿಟ್ಟಿದ್ದರು. ಕೇಳುವವಳು ನಾನೊಬ್ಬಳೇ. ಆದರೂ ಮಡಚಿದ ಕುರ್ಚಿಗಳನ್ನೆಲ್ಲ ಬಿಡಿಸಿಟ್ಟು ಗಟ್ಟಿಯಾಗಿ ಓದುತ್ತಿದ್ದರು. "ಒಂದು ಶನಿವಾರ ತಪ್ಪಿದ್ರೂ ನಮ್ಮ ಬಾಯಿ ಮುಚ್ಚಿಸಿದೋರು ಗೆದ್ದ ಹಾಗೆ," ಎನ್ನುತ್ತಿದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಡುಗರು ಧರಣಿ ಕೂತಾಗ ಚೀಲದ ತುಂಬ ಪುಸ್ತಕ ಹೊತ್ತು ಹೋದರು. "ಕೂಗೋಕೆ ಮುಂಚೆ ಓದ್ರೋ!" ಎಂದು ಗದರಿ ಹಂಚಿ ಬಂದರು.

ಕೊನೆಗೆ ಆಸ್ಪತ್ರೆ ಸೇರಿದರು. ಕಣ್ಣು ಮಂಜಾಗಿತ್ತು. ಶನಿವಾರ ನಾನೇ ಹಾಸಿಗೆಯ ಪಕ್ಕ ಕೂತು ಓದಿದೆ, ನನ್ನ ಬೆಂಗಳೂರು ಇಂಗ್ಲಿಷಿನಲ್ಲಿ. ನಡುವೆ ಪುಸ್ತಕವನ್ನು ಹಾಸಿಗೆಯ ಮೇಲಿಟ್ಟು ನೀರು ತರಲು ಎದ್ದೆ. ತಿರುಗಿ ನೋಡಿದರೆ ಅವರ ಕಾಲು ಅದಕ್ಕೆ ತಗುಲಿತ್ತು. ಕಷ್ಟಪಟ್ಟು ಬಾಗಿ, ತಡಕಾಡಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಸರಿಯಾಯ್ತಾ, ಬೇಬಿ?"

"ಸರಿಯಾಯ್ತು," ಎಂದೆ. ಅಳು ತಡೆಯಲಾಗಲಿಲ್ಲ.

ಮುಂದಿನ ಶನಿವಾರಕ್ಕೆ ಅವರಿರಲಿಲ್ಲ. ಆಸ್ಪತ್ರೆ ಸೇರುವಾಗ ಅವರೇ ಕೊಟ್ಟಿದ್ದ ಅಂಗಡಿಯ ಬೀಗದ ಕೈ ನನ್ನ ಹತ್ತಿರವಿತ್ತು. ಬಾಗಿಲು ತೆಗೆದೆ, ಕುರ್ಚಿಗಳನ್ನೆಲ್ಲ ಬಿಡಿಸಿಟ್ಟೆ, ಗಟ್ಟಿಯಾಗಿ ಓದಿದೆ. ಯಾರೂ ಬರಲಿಲ್ಲ. ಶನಿವಾರ ತಪ್ಪಲಿಲ್ಲ.