ತಮಟೆ ಇಲ್ಲದೆ ಕುಣಿದ ಚಾಂದನಿ

ಲಾಕ್‌ಡೌನ್ ಮುಗಿದ ಮರುವರ್ಷ ನಾನು ಮುಳಬಾಗಿಲಿನ ಹತ್ತಿರ ಒಂದು ಖಾಸಗಿ ಕುದುರೆ ಸವಾರಿ ಸಂಸ್ಥೆಯಲ್ಲಿ ಟ್ರೇಲ್ ಪ್ಲಾನರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಬೆಂಗಳೂರಿನಿಂದ ಬರುವ ಸವಾರರು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಕುದುರೆಗೆ ನೀರೆಲ್ಲಿ, ನೆರಳೆಲ್ಲಿ ಅಂತ ಮೊದಲೇ ಗೊತ್ತುಮಾಡುವುದು. ಸೇನೆಯ ಲಾಯದಲ್ಲೇ ಅರ್ಧ ಆಯಸ್ಸು ಕಳೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ.

ಮುಳಬಾಗಿಲಿನ ಬಂಡೆಗಳನ್ನು ಎಲ್ಲರೂ ನೋಡಿದ್ದಾರೆ. ಅವುಗಳಾಚೆ, ಚಿನ್ನದ ಗಣಿಗಳ ದಿಕ್ಕಿಗೆ ಹೋದರೆ ಕಲ್ಲು ಕಪ್ಪಾಗುತ್ತದೆ. ಅದು ಯಾವುದೋ ಯುಗದಲ್ಲಿ ಉಕ್ಕಿ ಹರಿದು ತಣ್ಣಗಾದ ಲಾವಾ. ಅಲ್ಲಿ ಜನರ ಓಡಾಟವಿಲ್ಲ. ಬಂದವರಿಗೆ ಆ ಕಪ್ಪು ಗುಡ್ಡವನ್ನೇ ತೋರಿಸಬೇಕೆಂಬ ಹಠ ನನಗೆ.

ಗುಂಪಿನ ಮುಂದೆ ನಡೆಯುವ ಲೀಡ್ ಹಾರ್ಸ್ ಬೆದರುವ ಜಾತಿಯದಾಗಿರಬಾರದು. ಅದು ಬೆದರಿದರೆ ಹಿಂದಿನವೆಲ್ಲ ಬೆದರುತ್ತವೆ. ನಾನು ಆರಿಸಿದ್ದು ಖಲೀಲ್ ಸಾಬರ ಬಿಳಿ ಹೆಣ್ಣುಕುದುರೆ ಚಾಂದನಿಯನ್ನು. ಖಲೀಲ್ ಮುಳಬಾಗಿಲಿನವರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು. ಪಟಾಕಿ, ಜನರೇಟರ್, ಕುಡಿದು ಕುಣಿಯುವ ಹುಡುಗರು, ಯಾವುದಕ್ಕೂ ಅವಳು ಕಿವಿ ನಿಮಿರಿಸಿದವಳಲ್ಲ. ಕೊರೊನಾದಲ್ಲಿ ಮೆರವಣಿಗೆ ನಿಂತಾಗ ತಾವು ಅರೆಹೊಟ್ಟೆ ಉಂಡು ಅವಳಿಗೆ ಹುರುಳಿ ಹಾಕಿದ್ದರು. ಮಗಳ ಹಾಗೆ, ಬೇಟಿ ಅಂತಲೇ ಕರೆಯುತ್ತಿದ್ದರು. ಅವಳದು ಒಂದೇ ಚಾಳಿ: ತಮಟೆ ಕೇಳಿದರೆ ನಿಂತಲ್ಲೇ ಕುಣಿಯುವಳು, ತಮಟೆ ನಿಂತರೆ ನಿಲ್ಲುವಳು. ಆ ಗುಡ್ಡದಲ್ಲಿ ತಮಟೆ ಯಾವನು ಬಾರಿಸ್ತಾನೆ ಅಂತ ಇಬ್ಬರೂ ನಕ್ಕಿದ್ದೆವು.

ಅತಿಥಿಗಳನ್ನು ಕರೆದೊಯ್ಯುವ ಮುಂಚೆ ದಾರಿ ನೋಡಿ ಬರುವುದಕ್ಕೆ ರೆಕ್ಕಿ ಅನ್ನುತ್ತಾರೆ. ಒಂದು ಬೆಳಿಗ್ಗೆ ಇಬ್ಬರೇ ಹೊರಟೆವು. ಖಲೀಲ್ ಚಾಂದನಿಯ ಮೇಲೆ ಮುಂದೆ, ನಾನು ಇನ್ನೊಂದು ಕುದುರೆಯ ಮೇಲೆ ಹಿಂದೆ. ಗುಡ್ಡದ ನೆತ್ತಿಯ ಸಮತಟ್ಟಿನಲ್ಲಿ ಅವಳ ಗೊರಸಿನ ಸದ್ದು ಬದಲಾಯಿತು. ಢಬ್, ಢಬ್. ಅವಳು ನಿಂತಳು, ಕತ್ತು ಬಾಗಿಸಿದಳು, ಕುಣಿಯತೊಡಗಿದಳು.

ಖಲೀಲ್ ನಗುತ್ತ ನನ್ನ ಕಡೆ ತಿರುಗಿದರು. ನಾನು ಅವಳ ಕಾಲಬುಡ ನೋಡುತ್ತಿದ್ದೆ. ಮಣ್ಣು ಜರಡಿಯಲ್ಲಿ ಸೋರಿದ ಹಾಗೆ ಕೆಳಗಿಳಿಯುತ್ತಿತ್ತು. ಎಂದೋ ಯಾರೋ ಚಿನ್ನಕ್ಕೆ ತೋಡಿ, ಮೇಲೆ ಮರ ಹಾಸಿ ಮುಚ್ಚಿದ ಗುಂಡಿ. ನನ್ನ ನಕ್ಷೆಯಲ್ಲಿ ಇರಲಿಲ್ಲ.

"ಖಲೀಲ್, ಇಳೀರಿ. ಕೆಳಗೆ ಟೊಳ್ಳು."

ಅವರು ಹಾರಿ ಈಚೆ ಬಂದರು, ಲಗಾಮು ಮಾತ್ರ ಬಿಡಲಿಲ್ಲ. ಜಗ್ಗಿದರು, ಬೇಟಿ ಬೇಟಿ ಅಂತ ಗೋಗರೆದರು. ಮೆರವಣಿಗೆಯಲ್ಲಾದರೆ ತಮಟೆಯವನಿಗೆ ನಿಲ್ಲಿಸಪ್ಪ ಅನ್ನಬಹುದು. ಇಲ್ಲಿ ಬಾರಿಸುತ್ತಿದ್ದವಳೂ ಅವಳೇ, ಕುಣಿಯುತ್ತಿದ್ದವಳೂ ಅವಳೇ. ಯಾರಿಗೆ ಹೇಳೋಣ?

ನೆಲ ಬಾಯಿ ಬಿಟ್ಟಿತು, ಚಾಂದನಿ ಒಳಗೆ ಕುಸಿದಳು. ಲಗಾಮಿನ ಜೊತೆ ಖಲೀಲರೂ ಅಂಚಿನವರೆಗೆ ಜಾರಿದರು. ಅಷ್ಟರಲ್ಲಿ ಕುದುರೆ ಇಳಿದು ಓಡಿ ಬಂದಿದ್ದ ನಾನು ಹಿಂದಿನಿಂದ ಅವರ ಸೊಂಟ ತಬ್ಬಿ ಕಲ್ಲಿಗೆ ಕಾಲು ಕೊಟ್ಟು ಕೂತುಬಿಟ್ಟೆ. ಲಗಾಮಿನ ತೊಗಲು ಹರಿಯಿತು. ಧೂಳು ಅಡಗುವಷ್ಟರಲ್ಲಿ ಕೆಳಗಿನ ಕತ್ತಲಿಂದ ಸದ್ದು ಬಂತು. ಢಬ್, ಢಬ್. ಸಾಯುವ ಕುದುರೆ ಕಾಲು ಬಡಿಯುತ್ತದೆ, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅದು ಮದುವೆಯ ತಾಳವೇ ಆಗಿತ್ತು.

"ಬಿಡಿ ಸಾರ್," ಅಂದರು ಖಲೀಲ್, ನನ್ನ ಕೈ ಬಿಡಿಸಿಕೊಳ್ಳುತ್ತ. "ಅವಳಿನ್ನೂ ಕುಣೀತಾವಳೆ."

ಸದ್ದು ನಿಂತ ಮೇಲೂ ನಾನು ಬಿಡಲಿಲ್ಲ.

ಆ ದಾರಿ ರದ್ದಾಯಿತು, ಗುಂಡಿಗೆ ಬೇಲಿ ಬಿತ್ತು. ಈಗ ಹೊಸ ದಾರಿ ಹುಡುಕುವಾಗ ನಾನು ಮೊದಲು ನಡೆದೇ ಹೋಗುತ್ತೇನೆ, ಹಾರೆಯಿಂದ ನೆಲ ಕುಟ್ಟುತ್ತ. ಕುದುರೆ ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ. ಇದುವರೆಗೆ ಯಾವ ಕೆಲಸ ಮಾಡಿತ್ತು ಅಂತ ಕೇಳಿ ಅನ್ನುತ್ತೇನೆ ನಾನು. ಕಲಿತದ್ದನ್ನು ಅದು ಎಲ್ಲಿ ಹೋದರೂ ಮರೆಯುವುದಿಲ್ಲ.

ಖಲೀಲ್ ಈಗ ಆಟೋ ಓಡಿಸುತ್ತಾರೆ. ಕಳೆದ ತಿಂಗಳು ಅವರ ಆಟೋದಲ್ಲಿ ಹೋಗುತ್ತಿದ್ದಾಗ ಎದುರಿಗೆ ಮೆರವಣಿಗೆ ಬಂತು. ಅವರು ಇಂಜಿನ್ ಆರಿಸಿದರು. ತಮಟೆ ದಾಟಿ ಹೋಗುವವರೆಗೂ ಇಬ್ಬರೂ ನೆಲ ನೋಡುತ್ತ ಕೂತಿದ್ದೆವು.